ಕಲ್ಲು ಉಳಿದರೆ ಸಾಲದು, ನೆಲವೂ ಉಳಿಯಬೇಕು

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿರುವ ಸ್ಟೋನ್‌ಹೆಂಜ್ ಶಿಲಾವೃತ್ತದಿಂದ ಇನ್ನೂರು ಮೀಟರ್ ಕೂಡ ದೂರವಿಲ್ಲದಂತೆ ಎ–303 ಹೆದ್ದಾರಿ ಹಾದುಹೋಗುತ್ತದೆ. ರಸ್ತೆ ಅಲ್ಲಿ ಕಿರಿದು; ರಜೆಯ ದಿನಗಳಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಇದಕ್ಕೆ ಪರಿಹಾರವಾಗಿ ರೂಪುಗೊಂಡಿದ್ದು ಸುಮಾರು 3.3 ಕಿ.ಮೀ. ಉದ್ದದ ಸುರಂಗವುಳ್ಳ ಚತುಷ್ಪಥ ಯೋಜನೆ. 2020ರ ನವೆಂಬರ್‌ನಲ್ಲಿ ಸಾರಿಗೆ ಸಚಿವರು ಕೊಟ್ಟ ಒಪ್ಪಿಗೆಯನ್ನು 2021ರ ಜುಲೈನಲ್ಲಿ ಹೈಕೋರ್ಟ್ ರದ್ದುಪಡಿಸಿತು. 2023ರ ಜುಲೈನಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. 2024ರ ಜುಲೈನಲ್ಲಿ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಕೈಬಿಟ್ಟಿದ್ದು ಸರಿ, ಕೊಟ್ಟ ಕಾರಣ ಸರಿಯಲ್ಲ.

ಸುರಂಗದ ಪರ ನಿಂತವರೇನೂ ಪರಂಪರೆಯ ವೈರಿಗಳಲ್ಲ. ಸ್ಮಾರಕವನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಮತ್ತು ಸುತ್ತಲಿನ ವಿಸ್ತಾರವಾದ ಜಮೀನಿನ ಒಡೆತನವಿರುವ ನ್ಯಾಷನಲ್ ಟ್ರಸ್ಟ್ ಎರಡೂ ಅದನ್ನು ಬೆಂಬಲಿಸಿದ್ದವು. ಕಲ್ಲುಗಳ ಬಳಿ ವಾಹನಗಳ ಸದ್ದಡಗುತ್ತದೆ, ರಸ್ತೆಯಿಂದ ಇಬ್ಭಾಗವಾದ ಬಯಲು ಒಂದಾಗುತ್ತದೆ ಎಂಬುದು ಅವುಗಳ ವಾದ. ಅದರಲ್ಲಿ ಹುರುಳಿದೆ. ಆದರೆ ಯುನೆಸ್ಕೊ ಗುರುತಿಸಿದ ವಿಶ್ವ ಪರಂಪರೆ ತಾಣದ ಅಗಲಕ್ಕಿಂತ ಸುರಂಗವೇ ಗಿಡ್ಡ. ಅದರ ಪಶ್ಚಿಮದ ಬಾಯಿ ತಾಣದ ಒಳಗೇ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಸುಮಾರು ಒಂದು ಕಿ.ಮೀ.ವರೆಗೆ ನೆಲವನ್ನು ಆಳವಾಗಿ ಕಡಿದು ರಸ್ತೆ ಹಾಕಬೇಕಿತ್ತು.

ಈ ನೆಲವನ್ನು ಖಾಲಿ ಬಯಲೆಂದು ಎಣಿಸಿದ್ದೇ ಯೋಜನೆಯ ಮೂಲದೋಷ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಕಲ್ಲುಗಳಷ್ಟೇ ಅಲ್ಲ, ಸುತ್ತಲಿನ ಸಮಾಧಿ ದಿಬ್ಬಗಳು, ಮಣ್ಣಿನ ದಂಡೆಗಳು, ಮೆರವಣಿಗೆಯ ಹಾದಿಯೆಲ್ಲ ಸೇರಿದ ಭೂಭಾಗ. ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ, ಉತ್ತರಕ್ಕಿರುವ ಸುಮಾರು 3 ಕಿ.ಮೀ. ಉದ್ದದ ಕರ್ಸಸ್ ಎಂಬ ಮಣ್ಣಿನ ರಚನೆ ಅದಕ್ಕಿಂತ ಸಾವಿರ ವರ್ಷದಷ್ಟು ಹಳೆಯದು. 2020ರಲ್ಲಿ ಹತ್ತಿರದ ಡರಿಂಗ್ಟನ್ ವಾಲ್ಸ್ ಎಂಬ ಪ್ರಾಚೀನ ನೆಲೆಯ ಸುತ್ತ ಎರಡು ಕಿ.ಮೀ.ಗೂ ಹೆಚ್ಚು ವ್ಯಾಸದ ವೃತ್ತದಲ್ಲಿ ಭಾರಿ ಗುಂಡಿಗಳಿರುವುದು ಬೆಳಕಿಗೆ ಬಂತು. ಶತಮಾನಗಳ ಅಧ್ಯಯನದ ಬಳಿಕವೂ ಈ ಮಣ್ಣು ಹೊಸ ಸಾಕ್ಷ್ಯ ಕೊಡುತ್ತಿದೆ.

ಅಗೆಯುವ ಮುನ್ನ ಉತ್ಖನನ ನಡೆಸಿ ಎಲ್ಲವನ್ನೂ ದಾಖಲಿಸಿದರೆ ಸಾಕೆಂಬ ಸಮಾಧಾನವೂ ನಿಲ್ಲುವುದಿಲ್ಲ. ಶಿಲಾವೃತ್ತದೊಳಗಿನ ‘ಬಲಿಪೀಠದ ಕಲ್ಲು’ ಈಶಾನ್ಯ ಸ್ಕಾಟ್ಲೆಂಡಿನಿಂದ ಬಂದದ್ದೆಂದು 2024ರಲ್ಲಿ ಗೊತ್ತಾಗಿದ್ದು ಹಿಂದೆಯೇ ಸಂಗ್ರಹಿಸಿಟ್ಟಿದ್ದ ಚೂರುಗಳ ಪರೀಕ್ಷೆಯಿಂದ. ಕಲ್ಲನ್ನು ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಪರೀಕ್ಷಿಸಬಹುದು. ಮಣ್ಣಿನ ಪದರವನ್ನು ಒಮ್ಮೆ ಕೆದಕಿದರೆ ಮುಗಿಯಿತು. ಅಂದಿನ ತಂತ್ರಕ್ಕೆ ಕಂಡಷ್ಟೇ ಉಳಿಯುತ್ತದೆ.

ಎಚ್ಚರಿಸುವವರಿಗೇನೂ ಕೊರತೆ ಇರಲಿಲ್ಲ. ಶಾಶ್ವತವಾದ, ಸರಿಪಡಿಸಲಾಗದ ಹಾನಿಯಾಗುತ್ತದೆಂದು ಸರ್ಕಾರವೇ ನೇಮಿಸಿದ ಪರಿಶೀಲನಾ ಸಮಿತಿ ಯೋಜನೆಯನ್ನು ವಿರೋಧಿಸಿತ್ತು. ಇನ್ನೂ ಉದ್ದದ ಸುರಂಗದಂಥ ಪರ್ಯಾಯಗಳನ್ನು ಸಚಿವರು ಸರಿಯಾಗಿ ತೂಗಿ ನೋಡಿಲ್ಲವೆಂದು 2021ರಲ್ಲಿ ಹೈಕೋರ್ಟ್ ಹೇಳಿತು. ತಾಣವನ್ನು ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿಸಬೇಕೆಂಬ ಪರಿಣತರ ಶಿಫಾರಸು 2024ರ ಜುಲೈನಲ್ಲಿ ನವದೆಹಲಿಯಲ್ಲಿ ಸೇರಿದ್ದ ವಿಶ್ವ ಪರಂಪರೆ ಸಮಿತಿಯ ಮುಂದೆಯೂ ಬಂತು. ಸಮಿತಿಯ ಸದಸ್ಯ ರಾಷ್ಟ್ರಗಳು ಅದನ್ನು ಒಪ್ಪಲಿಲ್ಲ. ಪರಿಣತರ ಮಾತಿಗಿಂತ ರಾಜತಾಂತ್ರಿಕ ದಾಕ್ಷಿಣ್ಯಕ್ಕೆ ಅಲ್ಲಿ ಹೆಚ್ಚು ಬೆಲೆ ಸಿಕ್ಕಿತು.

ಕೆಲವೇ ದಿನಗಳಲ್ಲಿ ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಯೋಜನೆಯನ್ನು ರದ್ದುಗೊಳಿಸಿದರು. ಕಾರಣ, ಬೊಕ್ಕಸಕ್ಕೆ ಹೊರೆ. ಅಷ್ಟರಲ್ಲಿ ಸಿದ್ಧತೆಗೇ 16 ಕೋಟಿ ಪೌಂಡಿಗೂ ಹೆಚ್ಚು ಖರ್ಚಾಗಿತ್ತು. ಹಣವಿಲ್ಲವೆಂದು ನಿಂತ ಕೆಲಸ ಹಣ ಬಂದಾಗ ಮತ್ತೆ ಶುರುವಾಗಬಹುದು. ಸ್ಟೋನ್‌ಹೆಂಜ್‌ನ ರಕ್ಷಣೆ ಬಜೆಟ್ಟಿನ ಏರಿಳಿತಕ್ಕೆ ಬಿಟ್ಟ ವಿಷಯವಾಗಬಾರದು. ಪರಂಪರೆ ತಾಣದ ಗಡಿಯೊಳಗೆ ಸುರಂಗದ ಬಾಯಾಗಲಿ, ಹೊಸ ರಸ್ತೆಗಾಗಿ ನೆಲ ಕಡಿಯುವುದಾಗಲಿ ಕೂಡದೆಂದು ಬ್ರಿಟನ್ ಕಾನೂನಿನಲ್ಲೇ ಬರೆಯಬೇಕು. ಗಡಿಯಿಂದ ಗಡಿಗೆ ನೆಲದಡಿಯಲ್ಲೇ ಸಾಗುವ ಉದ್ದದ ಸುರಂಗಕ್ಕೆ ದುಡ್ಡು ಹೊಂದಿಸಲಾಗದಿದ್ದರೆ ಸಂಚಾರ ತಗ್ಗಿಸುವ ಬೇರೆ ದಾರಿ ಹುಡುಕಬೇಕು. ಅಗ್ಗವೆಂಬ ಕಾರಣಕ್ಕೆ ಗಿಡ್ಡ ಸುರಂಗವನ್ನು ಒಪ್ಪುವುದಕ್ಕಿಂತ ಈಗಿರುವ ಇಕ್ಕಟ್ಟಿನ ರಸ್ತೆಯೇ ಮೇಲು. ಅದನ್ನು ಮುಂದೆಂದಾದರೂ ತೆಗೆಯಬಹುದು, ಕಡಿದ ನೆಲವನ್ನು ಮರಳಿ ಕೂಡಿಸಲಾಗದು.