ಸ್ಪ್ರೇ ಹೊಡೆಯುವ ಮೊದಲು ಇರುವೆ ಯಾವುದೆಂದು ನೋಡಿ

ಮನೆಯಲ್ಲೇ ಹೋಳಿಗೆ, ಕೊಬ್ಬರಿ ಮಿಠಾಯಿ ಮಾಡಿ ಮಾರುವವಳು ನಾನು. ಇರುವೆ ಕಾಟ ಅಂದರೆ ಸಾಕು, ಸ್ಪ್ರೇ ಹೊಡಿ, ಚಾಕ್‌ಪೀಸ್ ಗೀರು ಅನ್ನುತ್ತಾರೆ. ಯಾವ ಇರುವೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಅಡುಗೆಕಟ್ಟೆಗೆ ಬರುವ ಸಣ್ಣಿರುವೆಗಳು ಎರಡು ಜಾತಿ. ಎರಡೂ ಸುಮಾರು 2 ಮಿಲಿಮೀಟರ್, ಅಷ್ಟೆ. ಒಂದರದು ಕಪ್ಪು ತಲೆ, ಬಣ್ಣವೇ ಇಲ್ಲದ ಹೊಟ್ಟೆ, ಕಾಲು. ಬಿಳಿ ಟೈಲ್ಸ್ ಮೇಲೆ ಬರೀ ತಲೆ ಓಡಾಡಿದಂತೆ ಕಾಣುತ್ತದೆ. ಇದು ಘೋಸ್ಟ್ ಇರುವೆ. ಇಂಥ ಪಾರದರ್ಶಕ ಹೊಟ್ಟೆಯ ಇರುವೆಗಳಿಗೆ ಮೈಸೂರಿನ ವಿಜ್ಞಾನಿಯೊಬ್ಬರು ಬಣ್ಣದ ಸಕ್ಕರೆ ನೀರು ಕುಡಿಸಿ ತೆಗೆದ ಫೋಟೊಗಳು 2011ರಲ್ಲಿ ಜಗತ್ತನ್ನೇ ಸುತ್ತಿದವು. ಇದು ಕುಟುಕುವುದಿಲ್ಲ. ಹೊಸಕಿದರೆ ಮುಗ್ಗಿದ ಕೊಬ್ಬರಿಯ ವಾಸನೆ. ನನ್ನ ಕಸುಬಿನವರಿಗೆ ಅದು ತಟ್ಟನೆ ಗೊತ್ತಾಗುತ್ತದೆ. ದಾಸವಾಳದ ಕುಂಡದಲ್ಲಿ ಹಿಟ್ಟುತಿಗಣೆ ಹತ್ತಿದ್ದರೆ ಅದರ ಸಿಹಿ ಅಂಟಿಗೂ ಮುತ್ತುತ್ತದೆ. ಮೊದಲು ಗಿಡ ತೊಳೆಯಬೇಕು.

ಇನ್ನೊಂದು ಫೇರೋ ಇರುವೆ. ಮೈ ಹಳದಿ, ಹೊಟ್ಟೆಯ ತುದಿ ಕಪ್ಪು. ಸಿಹಿಯಷ್ಟೇ ಆಸೆ ತುಪ್ಪದ ಜಿಡ್ಡಿಗೂ, ಸತ್ತ ಜಿರಲೆಗೂ. ಇದರ ಬುದ್ಧಿಗೆ ನಾನು ಬೆರಗಾಗಿದ್ದೇನೆ: ಆಹಾರವಿಲ್ಲದ ಕವಲುದಾರಿಯ ಬಾಯಲ್ಲಿ 'ಈ ಕಡೆ ಬರಬೇಡಿ' ಎಂಬ ವಾಸನೆಯ ಗುರುತು ಹಾಕುತ್ತದೆ. ಶೆಫೀಲ್ಡ್ ವಿಶ್ವವಿದ್ಯಾಲಯದವರು 2005ರಲ್ಲಿ ಇದನ್ನು ಪ್ರಕಟಿಸಿದರು. ಇದರ ಗೂಡಿನಲ್ಲಿ ರಾಣಿಯರು ಹಲವರು. ರೆಕ್ಕೆ ಬಿಚ್ಚಿ ಹಾರಿಹೋಗುವ ಮದುವೆಯಿಲ್ಲ, ಕೂಡುವುದೂ ಗೂಡೊಳಗೇ. ಗೂಡಿಗೆ ತೊಂದರೆಯಾದರೆ ಒಂದಷ್ಟು ಕೆಲಸಗಾರ ಇರುವೆಗಳು ಮೊಟ್ಟೆ, ಮರಿ ಹೊತ್ತು ಬೇರೆ ಬಿರುಕಿಗೆ ಹೋಗಿ ಹೊಸ ಸಂಸಾರ ಹೂಡುತ್ತವೆ. ಸ್ಪ್ರೇ ಹೊಡೆದಾಗ ಆಗುವುದು ಇದೇ. ಕಣ್ಣಿಗೆ ಬಿದ್ದವು ಸಾಯುತ್ತವೆ, ಒಂದಿದ್ದ ಗೂಡು ನಾಲ್ಕಾಗುತ್ತದೆ. ಘೋಸ್ಟ್ ಇರುವೆಯೂ ಗೂಡು ಒಡೆದು ಹರಡುವಂಥದ್ದೇ, ಆದರೆ ಫೇರೋ ಆಸ್ಪತ್ರೆ ಹೊಕ್ಕರೆ ಅಪಾಯವೇ ಬೇರೆ. ಗಾಯದ ಬ್ಯಾಂಡೇಜಿಗೂ ನುಗ್ಗುತ್ತದೆ, ರೋಗಾಣು ಹೊತ್ತು ತಿರುಗುತ್ತದೆ.

ಇವು ಮದ್ದನ್ನು ತಾವೇ ಗೂಡಿಗೆ ಒಯ್ಯಬೇಕು. ಘೋಸ್ಟ್ ಇರುವೆಗೆ ಶೇ 1ರಷ್ಟು ಬೋರಿಕ್ ಆಸಿಡ್ ಬೆರೆಸಿದ ಸಕ್ಕರೆ ನೀರು ಸಾಕು. ಫೇರೋಗೆ ಸಿಹಿಯ ಜೊತೆ ಜಿಡ್ಡಿನದನ್ನೂ ಇಟ್ಟು ನೋಡಬೇಕು. ಎರಡನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ವಾರಗಟ್ಟಲೆ ಕಾಯಿರಿ.

ಅಪಾರ್ಟ್‌ಮೆಂಟುಗಳಲ್ಲಿ ತಿಂಗಳ ಕರಾರಿನ ಮೇಲೆ ಔಷಧಿ ಹೊಡೆಯಲು ಬರುವವರು, ಇದು ಯಾವ ಇರುವೆ ಎಂದು ಮೊದಲು ಬರೆದುಕೊಡಲಿ. ಆಸ್ಪತ್ರೆಗಳಲ್ಲಂತೂ ಆ ಚೀಟಿಯಿಲ್ಲದೆ ಡಬ್ಬಿಯ ಮುಚ್ಚಳ ತೆಗೆಯಲು ಬಿಡಬಾರದು.