ನೋವು ನುಂಗುವುದು ರೋಗಿಯ ಕರ್ತವ್ಯವೇ?

ಹೊಟ್ಟೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮೊದಲ ರಾತ್ರಿ ವಾರ್ಡಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: ‘ಸ್ವಲ್ಪ ತಡ್ಕೊಳ್ಳಿ, ಆಪರೇಷನ್ ಆದಮೇಲೆ ನೋವು ಇದ್ದದ್ದೇ’. ದಾದಿ ಹೇಳುವುದೂ ಅದನ್ನೇ, ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತ ಮಗ ಹೇಳುವುದೂ ಅದನ್ನೇ. ಗೆಡ್ಡೆ ಹೋಯಿತಲ್ಲ, ಜೀವ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ನೋವಿನ ಮಾತು ಹಿಂದೆ ಸರಿಯುತ್ತದೆ. ಸಹನೆಯನ್ನು ದೊಡ್ಡ ಗುಣವೆಂದು ಕೊಂಡಾಡುವ ನಮ್ಮಲ್ಲಿ ನೋವು ನುಂಗಿಕೊಂಡವರೇ ‘ಒಳ್ಳೆಯ ರೋಗಿ’.

ಈ ನೋವು ಬರೀ ಸಂಕಟವಲ್ಲ, ಅಪಾಯವೂ ಹೌದು. ಹೊಟ್ಟೆಯ ಮೇಲೆ ಉದ್ದನೆಯ ಗಾಯವಿರುವವರು ದೀರ್ಘವಾಗಿ ಉಸಿರೆಳೆಯಲು ಹೆದರುತ್ತಾರೆ. ಕೆಮ್ಮಿ ಕಫ ಹೊರಹಾಕಲಾರರು. ಕಫ ಕಟ್ಟಿಕೊಂಡರೆ ನ್ಯುಮೋನಿಯಾ ಬರಬಹುದು. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಚೇತರಿಕೆ ತಡವಾದಂತೆ ಕಿಮೊಥೆರಪಿಯೂ ಮುಂದೆ ಹೋಗುತ್ತದೆ.

ಮಾರ್ಫಿನ್ ನೋವನ್ನು ತಗ್ಗಿಸುತ್ತದೆ, ನಿಜ. ಆದರೆ ಅದರ ಬೆನ್ನಿಗೇ ವಾಕರಿಕೆ, ಮಂಪರು ಬರುತ್ತವೆ. ಕರುಳಿನ ಚಲನೆ ನಿಧಾನವಾಗುತ್ತದೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಪರಿಣಾಮಕಾರಿಯಾದರೂ ರಕ್ತದೊತ್ತಡ ಕುಸಿಯುವ ಭಯವಿದೆ. ರಕ್ತ ತೆಳುವಾಗಿಸುವ ಔಷಧಿ ಪಡೆಯುತ್ತಿರುವವರಿಗೆ ಅದು ಸುರಕ್ಷಿತವಲ್ಲ. ಇವೆರಡರ ನಡುವಿನ ದಾರಿಯೇ ನರ್ವ್ ಬ್ಲಾಕ್. ಹೊಟ್ಟೆಯ ಗೋಡೆಗೆ ಸಂವೇದನೆ ಒಯ್ಯುವ ನರಗಳು ಸ್ನಾಯುಗಳ ಎರಡು ಪದರಗಳ ನಡುವೆ ಹಾದುಹೋಗುತ್ತವೆ. ಅಲ್ಲಿಗೆ ಸ್ಥಳೀಯ ಅರಿವಳಿಕೆ ಹಾಕುವ ವಿಧಾನವನ್ನು 2001ರಲ್ಲಿ ರಫಿ ಎಂಬ ವೈದ್ಯರು ವಿವರಿಸಿದರು. ಇದೇ ‘ಟ್ಯಾಪ್ ಬ್ಲಾಕ್’. ಅಲ್ಟ್ರಾಸೌಂಡ್ ಪರದೆಯ ಮೇಲೆ ಸೂಜಿಯ ತುದಿಯನ್ನು ಕಾಣುವಂತಾದ ಮೇಲೆ ಇದು ಇನ್ನಷ್ಟು ನಿಖರವಾಯಿತು. ಬಳಸುವ ಬುಪಿವಕೇನ್ ದುಬಾರಿಯೇನಲ್ಲ. ಒಂದು ಚುಚ್ಚುಮದ್ದು ಹಲವು ಗಂಟೆಗಳ ನೆಮ್ಮದಿ ನೀಡುತ್ತದೆ; ಸಣ್ಣ ನಳಿಕೆ ಇರಿಸಿದರೆ ಅದನ್ನು ದಿನಗಳವರೆಗೆ ವಿಸ್ತರಿಸಬಹುದು.

ಇದು ಪವಾಡವೆಂದು ಹೇಳಹೊರಟಿಲ್ಲ. ಟ್ಯಾಪ್ ಬ್ಲಾಕ್ ಹೊಟ್ಟೆಯ ಗೋಡೆಯ ನೋವನ್ನು ತಡೆಯುತ್ತದೆಯೇ ಹೊರತು ಒಳಾಂಗಗಳ ನೋವನ್ನಲ್ಲ. ಇತರ ಔಷಧಿಗಳು ಜೊತೆಗೆ ಬೇಕೇ ಬೇಕು. ಪ್ರಮಾಣ ಮೀರಿದರೆ ಹೃದಯಕ್ಕೆ ಅಪಾಯ. ಇಂಥ ಬ್ಲಾಕ್‌ಗಳಿಂದ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾದೀತೆಂಬ ಆಸೆಯೂ ಇತ್ತು. ಸ್ತನ ಕ್ಯಾನ್ಸರ್ ಕುರಿತು 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೆ ನೋವು ಕಡಿಮೆಯಾಗುವುದೇ ಸಾಲದೇ? ಅದಕ್ಕೆ ಬೇರೆ ಸಮರ್ಥನೆ ಏಕೆ ಬೇಕು?

ತೊಡಕಿರುವುದು ವಿಜ್ಞಾನದಲ್ಲಲ್ಲ, ವ್ಯವಸ್ಥೆಯಲ್ಲಿ. ಶಸ್ತ್ರಚಿಕಿತ್ಸಕರ ಗಮನವೆಲ್ಲ ಗಾಯದ ಮೇಲೆ. ಅರಿವಳಿಕೆ ತಜ್ಞರನ್ನು ಮುಂದಿನ ರೋಗಿ ಕಾಯುತ್ತಿರುತ್ತಾನೆ. ರಾತ್ರಿಯ ನೋವಿಗೆ ವಾರಸುದಾರರೇ ಇಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಬಂದ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರಗಳಿಗೆ ಕಟ್ಟುನಿಟ್ಟಿನ ನೋಂದಣಿ ಬೇಕು. ಕಾಯ್ದೆಯ ಉದ್ದೇಶ ಪ್ರಶ್ನಾತೀತ. ಅದನ್ನು ಸಡಿಲಿಸದೆಯೇ ಶಸ್ತ್ರಚಿಕಿತ್ಸಾ ಕೊಠಡಿಯ ಯಂತ್ರಗಳ ನೋಂದಣಿಯನ್ನು ಸರಳಗೊಳಿಸುವುದು ಅಸಾಧ್ಯವೇನಲ್ಲ. ಮಾರ್ಫಿನ್ ಪರವಾನಗಿಯ ಜಂಜಾಟವನ್ನು ತಗ್ಗಿಸಲು ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದು ಇಂಥ ವಿವೇಕದಿಂದಲೇ.

ಜ್ವರ, ರಕ್ತದೊತ್ತಡ ಬರೆದಿಡುವ ಹಾಳೆಯಲ್ಲೇ ನೋವಿನ ಪ್ರಮಾಣವೂ ದಾಖಲಾಗಲಿ. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಡೆಸುವ ಪ್ರತಿ ಆಸ್ಪತ್ರೆಯಲ್ಲಿ, ಇರುಳಿನಲ್ಲೂ ಕರೆದರೆ ಬರುವ ನೋವು ನಿವಾರಣಾ ತಂಡವಿರಲಿ. ಸರ್ಕಾರಿ ವಿಮಾ ಯೋಜನೆಗಳು ಇದನ್ನು ಚಿಕಿತ್ಸೆಯ ಅಂಗವೆಂದೇ ಪರಿಗಣಿಸಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ‘ಆಪರೇಷನ್ ನಂತರದ ನೋವಿಗೆ ಏನು ಮಾಡುತ್ತೀರಿ?’ ಎಂದು ಮನೆಯವರು ಕೇಳಲಿ. ಅದು ಉದ್ಧಟತನವಲ್ಲ, ಹಕ್ಕು. ಕತ್ತಿಯ ಕೆಲಸ ಮುಗಿದೊಡನೆ ವೈದ್ಯನ ಕೆಲಸ ಮುಗಿಯುವುದಿಲ್ಲ.