ನ್ಯಾಯದ ಸರದಿಗೆ ಹಣವೇ ಅಳತೆಗೋಲೆ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನಮ್ಮ ಜನ ಸುಮ್ಮನೆ ಕಟ್ಟಿದ್ದಲ್ಲ. ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ತಡೆಯಲು ಉಪಾಯವಿಲ್ಲವೆ? ಇದೆ. ಅದು ಯಾರ ಪಾಲಿಗೆ ಇದೆ ಎಂಬುದೇ ಪ್ರಶ್ನೆ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯನ್ನೇ ನೋಡಿ. ಮೊದಲು ಒಂದು ಕೋಟಿ, 2018ರ ತಿದ್ದುಪಡಿಯಾದ ಮೇಲೆ ಮೂರು ಲಕ್ಷ ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ವ್ಯಾಪಾರ ವ್ಯಾಜ್ಯಗಳಿಗೆ ಅದರಲ್ಲಿ ಬೇರೆಯೇ ಪದ್ಧತಿ. ಸಮನ್ಸು ತಲುಪಿದ 120 ದಿನಗಳೊಳಗೆ ಪ್ರತಿವಾದಿ ಉತ್ತರ ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ. ವಿವಾದಾಂಶಗಳು ಯಾವುವು, ಸಾಕ್ಷಿಗಳು ಯಾರು, ಯಾವ ದಿನ ಏನು ನಡೆಯಬೇಕು ಎಂಬುದನ್ನು ನ್ಯಾಯಾಧೀಶರು ಉಭಯಪಕ್ಷಗಳನ್ನು ಕರೆಸಿ ಮೊದಲೇ ಗೊತ್ತುಪಡಿಸುತ್ತಾರೆ. ಆ ಮೊದಲ ಬೈಠಕ್ಕಿನಿಂದ ಆರು ತಿಂಗಳೊಳಗೆ ವಾದ ಮುಗಿಯಬೇಕು. ವಕೀಲರು ಬಂದಿಲ್ಲವೆಂಬ ಕಾರಣವೊಂದರಿಂದಲೇ ಆ ಬೈಠಕ್ಕನ್ನು ಮುಂದೂಡುವಂತಿಲ್ಲ.

ಪದ್ಧತಿ ಒಳ್ಳೆಯದೇ. ಆದರೆ ಸಾಲದ ಮೇಲೆ ಸರಕು ಕೊಟ್ಟ ಸಣ್ಣ ವ್ಯಾಪಾರಿಗೆ ಬರಬೇಕಾದ ಬಾಕಿ 2,90,000 ರೂಪಾಯಿ ಇದ್ದರೆ? ಹತ್ತು ಸಾವಿರ ಕಡಿಮೆ ಬಿದ್ದ ತಪ್ಪಿಗೆ ಅವನು ಸಾಮಾನ್ಯ ಸರದಿಯಲ್ಲಿ ನಿಲ್ಲಬೇಕು. ಗಿರಣಿ ಕಾರ್ಮಿಕನ ಪಿತ್ರಾರ್ಜಿತ ಮನೆಯ ಪಾಲಿನ ದಾವೆಯಲ್ಲಿ ಏಳೆಂಟು ವಾರಸುದಾರರು, ಹಳೆಯ ಪತ್ರಗಳು, ಊರೂರಿನ ಸಾಕ್ಷಿಗಳು ಇರಬಹುದು. ಎಷ್ಟೇ ಜಟಿಲವಾಗಿರಲಿ, ಅದು ವಾಣಿಜ್ಯವಲ್ಲ. ಆದ್ದರಿಂದ ಅದಕ್ಕೆ ಆ ದಾರಿಯಿಲ್ಲ.

ಸಾಮಾನ್ಯ ದಾವೆಗೂ ಉತ್ತರ ಸಲ್ಲಿಸಲು 90 ದಿನಗಳ ಮಿತಿಯಿದೆ. ಆದರೆ ಅದು ಕಡ್ಡಾಯವಲ್ಲವೆಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದಾವೆಗಳನ್ನು ವರ್ಗಗಳಾಗಿ ವಿಂಗಡಿಸಿ ನಡೆಸುವ ನಿಯಮಗಳನ್ನು ಕರ್ನಾಟಕವೂ 2005ರಲ್ಲಿ ಮಾಡಿಕೊಂಡಿತು. ನಿಯಮ ಕಾಗದದ ಮೇಲಿದ್ದರೆ ಸಾಲದು. ನಡೆಸಲು ಸಾಕಷ್ಟು ನ್ಯಾಯಾಧೀಶರೂ ಸಿಬ್ಬಂದಿಯೂ ಬೇಕು.

ಹಣವೊಂದನ್ನೇ ನೋಡಬೇಕಾಗಿಲ್ಲ ಎಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. ಅಲ್ಲಿ 1999ರಿಂದ ಸಣ್ಣ ದಾವೆಗೂ ತನ್ನದೇ ಆದ ಹಗುರ ದಾರಿಯುಂಟು. ದಾವೆ ಯಾವ ದಾರಿಗೆ ಸೇರಬೇಕೆಂದು ಗೊತ್ತುಮಾಡುವಾಗ ಮೊತ್ತದ ಜೊತೆಗೆ ಅದರ ಜಟಿಲತೆ, ಪಕ್ಷಗಾರರ ಸಂಖ್ಯೆ, ಬಾಯಿಸಾಕ್ಷ್ಯದ ಪ್ರಮಾಣ ಇವನ್ನೂ ಕೋರ್ಟು ಪರಿಶೀಲಿಸುತ್ತದೆ.

ದೊಡ್ಡ ವ್ಯಾಪಾರಿಯ ವೇಗವನ್ನು ಕಸಿದುಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ಮೊದಲ ಬೈಠಕ್ಕು, ಗೊತ್ತಾದ ದಿನಾಂಕ, ಕಟ್ಟುನಿಟ್ಟಾದ ಗಡುವು, ಈ ಮೂರೂ ಎಲ್ಲ ಸಿವಿಲ್ ದಾವೆಗಳಿಗೂ ಬರಲಿ. ದಿನಗೂಲಿ ಬಿಟ್ಟು, ಅಂಗಡಿ ಮುಚ್ಚಿ ಕೋರ್ಟಿಗೆ ಬರುವವನಿಗೆ ಒಂದೊಂದು ವಾಯಿದೆಯೂ ಒಂದೊಂದು ದಂಡ. ಆ ದಂಡವನ್ನು ಅವನ ಮೇಲೆ ಹೇರುವ ಅಧಿಕಾರ ಯಾವ ಕಾನೂನಿಗೂ ಇಲ್ಲ.